ಎರಡನೇ ವರ್ಷದ ಪ್ರಶ್ನೆ

1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್, ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡ ಬಗೆಯನ್ನು ಕಿರುಪುಸ್ತಕವಾಗಿ ಅಚ್ಚು ಹಾಕಿಸಿದ. 1918ರಲ್ಲಿ ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ ಕ್ಯಾಲೊರಿ ಲೆಕ್ಕವನ್ನು ಜನಸಾಮಾನ್ಯರಿಗೆ ಕಲಿಸಿದರು. ಆಮೇಲೆ ಬಂದ ಪಥ್ಯಗಳಲ್ಲಿ ಬಹುಪಾಲು ಇದೇ ಎರಡು ದಾರಿ ಹಿಡಿದವು: ಒಂದೋ ಯಾವುದನ್ನಾದರೂ ಬಿಡು, ಇಲ್ಲವೇ ಎಲ್ಲವನ್ನೂ ಅಳೆದು ತಿನ್ನು. ಎರಡರಿಂದಲೂ ತೂಕ ಇಳಿಯುತ್ತದೆ, ತಕರಾರಿಲ್ಲ. ಇಳಿದದ್ದು ಮತ್ತೆ ಏರುವುದೇಕೆ ಎಂದು ಕೇಳಲು ಮಾತ್ರ ವಿಜ್ಞಾನ ಬಹಳ ತಡಮಾಡಿತು. ಈ ಕ್ಷೇತ್ರ ಪ್ರಬುದ್ಧವಾದದ್ದು ಆ ಪ್ರಶ್ನೆ ಎತ್ತಿಕೊಂಡ ಮೇಲೆಯೇ ಎಂಬುದು ನನ್ನ ವಾದ.

ಮೊದಲ ಸುಳಿವು ಸಿಕ್ಕಿದ್ದು ಯುದ್ಧಕಾಲದ ಹಸಿವಿನ ಅಧ್ಯಯನದಲ್ಲಿ. 1945ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆ್ಯನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ತೂಕ ಸುಮಾರು ಕಾಲುಭಾಗ ಇಳಿಯಿತು. ಜತೆಗೆ ನಾಡಿ ನಿಧಾನವಾಯಿತು, ಬೇಸಿಗೆಯಲ್ಲೂ ಚಳಿ ಕಾಡಿತು. ತಟ್ಟೆ ನೆಕ್ಕಿದರು, ಅಡುಗೆ ಪುಸ್ತಕಗಳನ್ನು ಓದುತ್ತ ಕೂತರು, ಊಟ ಮರಳಿ ಸಿಕ್ಕಾಗ ಎಷ್ಟು ತಿಂದರೂ ಹಸಿವು ತೀರಲಿಲ್ಲ. ಇವರೇನು ಮನೋಬಲ ಇಲ್ಲದವರಲ್ಲ. ಯುದ್ಧಕ್ಕೆ ಹೋಗಿ ಕೊಲ್ಲಲು ಒಪ್ಪದೆ, ಹಸಿದವರಿಗೆ ನೆರವಾಗಲೆಂದು ದೇಹ ಒಡ್ಡಿದವರು. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, 10 ವಾರದ ಕಟ್ಟುನಿಟ್ಟಿನ ಪಥ್ಯ ಮುಗಿದು ವರ್ಷವಾದರೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ ಎಂದು ತೋರಿಸಿದರು. ತೂಕ ಮರಳಿದವರನ್ನು ಬಾಯಿಚಪಲದವರೆಂದು ಹಳಿಯುವುದು ಶುದ್ಧ ಅನ್ಯಾಯ.

ಹಾಗಾದರೆ ಕ್ಯಾಲೊರಿ ಲೆಕ್ಕ ಸುಳ್ಳೇ? ಸುಳ್ಳಲ್ಲ, ಆದರೆ ಎಷ್ಟು ಕ್ಯಾಲೊರಿ ಒಳಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ನಮ್ಮ ಸಂಕಲ್ಪವೊಂದೇ ಅಲ್ಲ. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಹಜ ಆಹಾರ ಬಡಿಸಿದರು. ಬಡಿಸಿದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮ. ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವೂ ಇತ್ತು. ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಅದಕ್ಕೂ ಮುನ್ನ, 2018ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ 609 ಜನರ ಮೇಲೆ ನಡೆದ ವರ್ಷಾವಧಿಯ ಪ್ರಯೋಗದಲ್ಲಿ ಕೊಬ್ಬು ಕಡಿಮೆ ಮಾಡಿದವರಿಗೂ ಪಿಷ್ಟ ಕಡಿಮೆ ಮಾಡಿದವರಿಗೂ ತೂಕದ ಇಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಂಡಿರಲಿಲ್ಲ. ಎರಡೂ ಗುಂಪಿಗೆ ಹೇಳಿದ್ದ ಸಮಾನ ಮಾತು: ತರಕಾರಿ ಹೆಚ್ಚಿಸಿ, ಸಕ್ಕರೆ, ಮೈದಾ ಬಿಡಿ.

ನಮ್ಮ ತಟ್ಟೆಗೂ ಇದು ಅನ್ವಯಿಸುತ್ತದೆ. ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು 62% ಪಿಷ್ಟ, ಸಕ್ಕರೆಗಳಿಂದ ಬರುತ್ತದೆಂದು 2025ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ಹೇಳುತ್ತದೆ. ಅನ್ನ ಬಿಟ್ಟು ಅಷ್ಟೇ ಪ್ರಮಾಣದ ಮುದ್ದೆ ಉಂಡರೆ ತೂಕದ ಲೆಕ್ಕ ಬದಲಾಗದು. ಅನ್ನ ಒಂದು ಸೌಟು ಕಡಿಮೆ ಮಾಡಿ ಆ ಜಾಗಕ್ಕೆ ಹುರುಳಿಕಾಳಿನ ಪಲ್ಯ, ಕೋಸಂಬರಿ, ಗಟ್ಟಿ ಬೇಳೆಯ ಹುಳಿ ಬಂದರೆ ಹೊಟ್ಟೆಯೂ ತುಂಬುತ್ತದೆ, ವರ್ಷಗಟ್ಟಲೆ ನಡೆಸಲೂ ಆಗುತ್ತದೆ.

ಔಷಧಿಯೇ ಬಂದಿರುವಾಗ ಅಭ್ಯಾಸವೇಕೆ ಎನ್ನುವವರಿದ್ದಾರೆ. 2021ರ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದು 68 ವಾರಗಳಲ್ಲಿ ಸರಾಸರಿ 15% ತೂಕ ಇಳಿಸಿತು. ಬೇಕಾದವರಿಗೆ ಅದು ದೊಡ್ಡ ವರವೇ. ಆದರೆ ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿತು. ಆದ್ದರಿಂದ ಯಾವ ಪಥ್ಯಕ್ಕೆ, ಯಾವ ಯೋಜನೆಗೆ ದುಡ್ಡು ಕಟ್ಟುವ ಮೊದಲೂ ಒಂದು ಮಾತು ಕೇಳಿ: ಇಲ್ಲಿ ಇಳಿಸಿಕೊಂಡವರ ತೂಕ ಎರಡನೇ ವರ್ಷ ಎಷ್ಟಿತ್ತು?