ಅರಸರ ಆಕಾರ, ಕುಂಬಾರರ ಕಪ್ಪು

ಇಂಕಾ ಅಂದರೆ ಕುಸ್ಕೋದ ಕಲ್ಲುಗೋಡೆಯಷ್ಟೇ ಅಲ್ಲ. ಪೆರುವಿನ ಪಿಸ್ಕೊ ಕಣಿವೆಯ ಟಾಂಬೊ ಕೊಲರಾಡೊದಲ್ಲಿ ಗೋಡೆಗಳು ಕರಾವಳಿಯವರ ಹಸಿ ಇಟ್ಟಿಗೆಯವು. ಮೇಲಕ್ಕೆ ಕಿರಿದಾಗುವ ಬಾಗಿಲು, ಗೂಡುಗಳು ಇಂಕಾಗಳವು. ಸುಮಾರು 1470ರಲ್ಲಿ ಚಿಮೂ ರಾಜ್ಯ ಸೋತ ಮೇಲೂ ಅಲ್ಲಿನ ಕುಂಬಾರರು ತಮ್ಮ ಕಪ್ಪು ಮಡಕೆ ಬಿಡಲಿಲ್ಲ. ಇಂಕಾಗಳ ಚೂಪುತಳದ, ಉದ್ದ ಕತ್ತಿನ ಹೂಜಿಯನ್ನೇ ಹೊಗೆಯಲ್ಲಿ ಕಪ್ಪಾಗಿ ಸುಟ್ಟರು.

ಇದನ್ನು ಸಮನ್ವಯ ಅಂತ ಹೊಗಳಿ ಸುಮ್ಮನಾಗೋದು ಸುಲಭ. ಆದರೆ ಅಂಥ ಹೂಜಿಗಳಲ್ಲಿ ತುಂಬುತ್ತಿದ್ದುದು ಮುಸುಕಿನ ಜೋಳದ ಹೆಂಡ. ‘ಮಿತಾ’ ಎಂಬ ಕಡ್ಡಾಯ ಸರದಿ ದುಡಿಮೆಗೆ ಬಂದವರಿಗೆ ಪ್ರಭುತ್ವ ಕುಡಿಸುತ್ತಿದ್ದುದೂ ಅದನ್ನೇ. ಚಿಮೂ ಕುಶಲಕರ್ಮಿಗಳನ್ನು ಕುಸ್ಕೋಗೆ ಎತ್ತಿಕೊಂಡು ಹೋದರು. ಆಕಾರ ಯಾರ ಅಪ್ಪಣೆ, ಕೈ ಯಾರದು ಅಂತ ಕೇಳದೆ ಬೆರಕೆಯ ಚರಿತ್ರೆ ಬರೆಯಲಾಗದು. ಅರಸರ ಹೆಸರುಗಳು ಉಳಿದಿವೆ. ಕುಂಬಾರರನ್ನು ಆ ಕಪ್ಪು ಮಡಕೆಗಳಲ್ಲೇ ಓದಬೇಕಾಗಿದೆ.