ಕೋರ್ಟು, ರಂಗ, ರಾಜಕಾರಣ: ಎಂ.ಪಿ. ಪ್ರಕಾಶರ ಸಾರ್ವಜನಿಕ ಬದುಕಿನ ಹಿನ್ನೆಲೆ

ಹಡಗಲಿಯ ವಕೀಲ, ರಾಜಕಾರಣಿ ಎಂ.ಪಿ. ಪ್ರಕಾಶರ (1940–2011) ರಂಗಾಸಕ್ತಿಯನ್ನು ರಾಜಕಾರಣಿಯೊಬ್ಬರ ಹವ್ಯಾಸವೆಂದು ಬದಿಗಿಡುವ ರೂಢಿಯಿದೆ. ಬಳ್ಳಾರಿ ಸೀಮೆಯ ಇತಿಹಾಸ ಈ ರೂಢಿಯನ್ನು ಒಪ್ಪುವುದಿಲ್ಲ.

ಮದರಾಸು ಪ್ರಾಂತ್ಯದ ಕಾಲದಲ್ಲಿ ಬಳ್ಳಾರಿಯ ಆಧುನಿಕ ರಂಗಭೂಮಿಯನ್ನು ಕಟ್ಟಿದವರಲ್ಲಿ ವಕೀಲರೇ ಪ್ರಮುಖರು. ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಸರಸ ವಿನೋದಿನೀ ಸಭೆಯನ್ನೂ ಕೋಲಾಚಲಂ ಶ್ರೀನಿವಾಸರಾಯರು (1854–1919) ಸುಮನೋರಮಾ ಸಭೆಯನ್ನೂ ನಡೆಸಿದರು. ಇಬ್ಬರೂ ತೆಲುಗು ನಾಟಕಕಾರರು. ಶ್ರೀನಿವಾಸರಾಯರು ವಿಜಯನಗರದ ಪತನವನ್ನೇ ನಾಟಕದ ವಸ್ತುವಾಗಿಸಿಕೊಂಡರು. ಧರ್ಮವರಂ ಅವರ ಸೋದರಳಿಯ, ನಟ ಬಳ್ಳಾರಿ ರಾಘವರೂ (1880–1946) ವೃತ್ತಿಯಿಂದ ವಕೀಲರೇ.

ಈ ಪರಂಪರೆ ಜಿಲ್ಲಾ ಕೇಂದ್ರದ್ದು, ಬಹುಪಾಲು ತೆಲುಗಿನದು. ಪಶ್ಚಿಮದ ಕನ್ನಡ ತಾಲೂಕಾದ ಹಡಗಲಿಯಲ್ಲಿ (ಹೂವಿನಹಡಗಲಿ) ಅದಕ್ಕೆ ಇನ್ನೊಂದು ರೂಪ ಕೊಟ್ಟವರು ಪ್ರಕಾಶ್. ಅವರು ಹುಟ್ಟಿದ ನಾರಾಯಣದೇವರಕೆರೆ ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು. 1953ರ ಅಕ್ಟೋಬರ್ 1ರಂದು ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೀಗೆ ಊರೂ ರಾಜ್ಯವೂ ಬದಲಾದ ಕಾಲದಲ್ಲಿ ಬೆಳೆದ ಪ್ರಕಾಶ್, ಹೂವಿನಹಡಗಲಿಯಲ್ಲಿ ವಕೀಲಿ ಮಾಡುತ್ತಲೇ ರಂಗಭಾರತಿ ಎಂಬ ನಾಟಕ ತಂಡವನ್ನು ಕಟ್ಟಿ ಬೆಳೆಸಿದರು. ಸ್ವತಃ ಬಣ್ಣವನ್ನೂ ಹಚ್ಚಿದರು.

ಹಡಗಲಿ ಕ್ಷೇತ್ರ ಅವರನ್ನು 1983, 1985, 1994 ಮತ್ತು 2004ರಲ್ಲಿ ವಿಧಾನಸಭೆಗೆ ಕಳಿಸಿತು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಂಸ್ಕೃತಿ ಖಾತೆ ನೋಡಿಕೊಂಡಾಗ ಹಂಪಿ ಉತ್ಸವಕ್ಕೆ ಸರ್ಕಾರಿ ಉತ್ಸವದ ರೂಪ ದೊರೆಯಿತು. ಶ್ರೀನಿವಾಸರಾಯರು ಸಾಮ್ರಾಜ್ಯದ ಪತನವನ್ನು ರಂಗಕ್ಕೆ ತಂದಿದ್ದರು. ಪ್ರಕಾಶರ ಉತ್ಸವದಲ್ಲಿ ಆ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಪಾಳು ನಗರವೇ ರಂಗವಾಯಿತು. ನಾಟಕ ಸಭೆಗಳ ಸದಸ್ಯರ ಚಂದಾ, ಟಿಕೆಟ್ಟಿನ ಹಣದ ಮೇಲೆ ನಿಂತಿದ್ದ ಕಲೆಗೆ ಸರ್ಕಾರದ ಬೊಕ್ಕಸ ತೆರೆದುಕೊಂಡದ್ದು ಇಲ್ಲಿಯ ಮುಖ್ಯ ವ್ಯತ್ಯಾಸ. ಇದರಿಂದ ಜನಪದ ಕಲಾವಿದರಿಗೆ ದೊಡ್ಡ ವೇದಿಕೆ ಸಿಕ್ಕಿತು. ಜೊತೆಗೆ ಉತ್ಸವ ಆಳುವವರ ಮರ್ಜಿಗೂ ಒಳಪಟ್ಟಿತು.

2005ರ ಆಗಸ್ಟ್‌ನಲ್ಲಿ ಉಪಮುಖ್ಯಮಂತ್ರಿಯಾದ ಪ್ರಕಾಶ್, ಮುಂದಿನ ಸರ್ಕಾರದಲ್ಲಿ ಗೃಹ ಸಚಿವರಾದರು. ಕ್ಷೇತ್ರ ಮರುವಿಂಗಡಣೆಯಲ್ಲಿ ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. 2008ರಲ್ಲಿ ಕಾಂಗ್ರೆಸ್ಸಿನಿಂದ ಹರಪನಹಳ್ಳಿಯಲ್ಲಿ ನಿಂತ ಅವರು ಬಿಜೆಪಿಯ ಜಿ. ಕರುಣಾಕರ ರೆಡ್ಡಿಯವರಿಗೆ ಸೋತರು. ಹಡಗಲಿಯಲ್ಲಿ ಕೋರ್ಟು, ನಾಟಕ, ಸಂಘಟನೆಗಳ ಮೂಲಕ ದಶಕಗಳ ಕಾಲ ಕಟ್ಟಿಕೊಂಡ ನಂಟನ್ನು ಪಕ್ಕದ ತಾಲೂಕಿಗೆ ಹೊತ್ತೊಯ್ಯುವುದು ಸುಲಭವಿರಲಿಲ್ಲ. ಗಣಿ ಹಣ ಜಿಲ್ಲೆಯ ರಾಜಕಾರಣವನ್ನು ಆವರಿಸಿದ್ದ ಕಾಲವೂ ಅದೇ. 2011ರ ಫೆಬ್ರವರಿ 9ರಂದು ಅವರು ತೀರಿಕೊಂಡರು.

ಚುನಾವಣೆಯ ಅಂಕಿಅಂಶಗಳಷ್ಟನ್ನೇ ನೋಡಿದರೆ ಪ್ರಕಾಶರದು ಗೆಲುವು ಸೋಲುಗಳ ಸಾಮಾನ್ಯ ಕಥೆ. ಬಳ್ಳಾರಿಯ ವಕೀಲ ನಾಟಕಕಾರರ ಸಾಲಿನಲ್ಲಿಟ್ಟು ನೋಡಿದಾಗಲೇ ಅವರ ಮಹತ್ವ ತಿಳಿಯುತ್ತದೆ. ಈ ತಾಲೂಕುಗಳ ರಾಜಕೀಯ ಇತಿಹಾಸ ಬರೆಯುವವರು ಮತಪಟ್ಟಿಯ ಜೊತೆಗೆ ನಾಟಕ ಸಂಘಗಳ ಕರಪತ್ರ, ಲೆಕ್ಕಪುಸ್ತಕಗಳನ್ನೂ ಸಂಗ್ರಹಿಸಿ ಓದಬೇಕು.