ನಾರುಹುಣ್ಣು ಮತ್ತು ಕೂಲಿಂಗ್ ಟವರ್

ನಾರುಹುಣ್ಣು ಅಂತ ಒಂದು ಕಾಯಿಲೆ ಇತ್ತು, ಕೇಳಿದೀರಾ? ಗುಲ್ಬರ್ಗ, ರಾಯಚೂರು ಕಡೆಯವರಾದರೆ ಮನೆಯ ಹಿರಿಯರನ್ನು ಕೇಳಿ. ನಮ್ಮ ಜಿಡಗಾ ಇರುವ ಆಳಂದ ಸೀಮೆಯಲ್ಲಿ ಹಳಬರು ಬರೀ "ನಾರು" ಅಂತಾರೆ. ಕಾಲಲ್ಲಿ ಗುಳ್ಳೆ ಎದ್ದು, ಅದು ಒಡೆದು, ಎರಡು ಮೂರು ಅಡಿ ಉದ್ದದ ಹುಳು ದಾರದ ಹಾಗೆ ಹೊರಗೆ ಬರೋದು. ಎಳೆದರೆ ತುಂಡಾಗತ್ತೆ, ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ತೆಗೀಬೇಕು. ಅಷ್ಟು ದಿನ ಹೊಲಕ್ಕೆ ಹೋಗೋ ಹಾಗಿಲ್ಲ.

ಕಾರಣ ಮೆಟ್ಟಿಲು ಬಾವಿ. ಹುಣ್ಣಿನ ಕಾಲಲ್ಲೇ ಇಳಿದು ಕೊಡ ತುಂಬುವಾಗ ಹುಳು ನೀರಿಗೆ ಮರಿ ಬಿಡತ್ತೆ. ಅದನ್ನು ಸೈಕ್ಲಾಪ್ಸ್ ಅನ್ನೋ ಸಣ್ಣ ಜೀವಿ ನುಂಗತ್ತೆ. ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷಕ್ಕೆ ನಾರು!

ಇದಕ್ಕೆ ಲಸಿಕೆ ಇಲ್ಲ, ಔಷಧಿಯೂ ಇಲ್ಲ. ಆದರೂ 1983-84ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಇದನ್ನು ಮುಗಿಸಿತು. ಮೆಟ್ಟಿಲು ಬಾವಿಗಳನ್ನು ಸೇದೋ ಬಾವಿ ಮಾಡಿದರು, ನೀರಿಗೆ ಟೆಮಿಫಾಸ್ ಹಾಕಿದರು, ಬಟ್ಟೆಯಲ್ಲಿ ಸೋಸಿ ಕುಡೀರಿ ಅಂದರು. ಇದೆಲ್ಲಕ್ಕಿಂತ ದೊಡ್ಡ ಕೆಲಸ ಅಂದ್ರೆ ಊರೂರು ತಿರುಗಿ, ರೋಗಿಗಳನ್ನು ಹುಡುಕಿ ಲೆಕ್ಕ ಬರೆದದ್ದು. ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆಮೇಲೂ ಹುಡುಕಾಟ ನಡೀತು. ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿದ್ದು 2000ದಲ್ಲಿ.

ಇದೆಲ್ಲಾ ಈಗ ಯಾಕೆ ಅಂತೀರಾ? ಬೆಂಗಳೂರಿನ ನಮ್ಮ ಆಫೀಸಿನ ತಾರಸಿಯ ಕೂಲಿಂಗ್ ಟವರ್ ನಿಂದಾಗಿ. ಎಸಿ ಹೊರಹಾಕುವ ಬಿಸಿಯನ್ನು ಹೊತ್ತು ಬಂದ ನೀರನ್ನು ಗಾಳಿಯಲ್ಲಿ ಚಿಮುಕಿಸಿ ತಣಿಸೋ ಯಂತ್ರ ಅದು. ನಿರ್ವಹಣೆ ಪುಸ್ತಕ ನೋಡಿದೆ: ಪಿಎಚ್, ಟಿಡಿಎಸ್, ಗಡಸುತನ ಎಲ್ಲಾ ಇದೆ. ಪೈಪಿನಲ್ಲಿ ಸುಣ್ಣ ಕಟ್ಟದ ಹಾಗೆ, ತುಕ್ಕು ಹಿಡಿಯದ ಹಾಗೆ ನೋಡ್ಕೊಳ್ಳೋ ಲೆಕ್ಕ. ಲೀಜಿಯೊನೆಲ್ಲಾಗೆ ಒಂದು ಕಾಲಂ ಕೂಡ ಇಲ್ಲ.

ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾಚಿ, ಕೆಸರು ಸಿಕ್ಕರೆ ಬೆಳೆಯೋ ಬ್ಯಾಕ್ಟೀರಿಯಾ ಇದು. ಟವರ್ ನಿಂದ ಹಾರುವ ತುಂತುರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ ನಡೆದಾಗ ಹಬ್ಬಿ 34 ಜನ ಸತ್ತರು. ಜೋಸೆಫ್ ಮೆಕ್ ಡೇಡ್ ಕಾರಣ ಕಂಡುಹಿಡಿದದ್ದು ತಿಂಗಳುಗಳಾದ ಮೇಲೆ. ಆಗ ಹಳೇ ಮಾದರಿಗಳನ್ನು ತೆಗೆದು ನೋಡಿದರೆ, 1968ರಲ್ಲಿ ಪಾಂಟಿಯಾಕ್ ಊರಿನ ಒಂದು ಕಟ್ಟಡದಲ್ಲಿ ನೂರಕ್ಕೂ ಹೆಚ್ಚು ಜನಕ್ಕೆ ಜ್ವರ ಬರಿಸಿದ್ದೂ ಇದೇ! ಆ ಕಟ್ಟಡ ಯಾವುದು ಗೊತ್ತಾ? ಅಲ್ಲಿನ ಆರೋಗ್ಯ ಇಲಾಖೆಯ ಕಚೇರಿ :-)

ಕಾನೂನುಗಳು ಬಂದದ್ದು ಒಂದೊಂದಾಗಿ. ಟವರ್ ಎಲ್ಲಿದೆ ಅಂತ ಸ್ಥಳೀಯ ಆಡಳಿತಕ್ಕೆ ತಿಳಿಸಲೇಬೇಕು ಅಂತ ಬ್ರಿಟನ್ 1992ರಲ್ಲೇ ನಿಯಮ ಮಾಡಿತು. ಮೆಲ್ಬರ್ನ್ ನಲ್ಲಿ ಹೊಸದಾಗಿ ತೆರೆದ ಅಕ್ವೇರಿಯಂನಿಂದ 2000ದ ಏಪ್ರಿಲ್ ನಲ್ಲಿ ನೂರಕ್ಕೂ ಹೆಚ್ಚು ಜನ ಮಲಗಿದ ಮೇಲೆ, ಅದೇ ವರ್ಷ ವಿಕ್ಟೋರಿಯಾ ರಾಜ್ಯ ಕಾನೂನು ಮಾಡಿತು. ನ್ಯೂಯಾರ್ಕ್ 2015ರಲ್ಲಿ 16 ಜನರನ್ನು ಕಳ್ಕೊಂಡ ಮೇಲೆ ಟವರ್ ನೋಂದಣಿ, 90 ದಿನಕ್ಕೊಮ್ಮೆ ಪರೀಕ್ಷೆ ಕಡ್ಡಾಯ ಮಾಡಿತು. ಅದೂ ಸಾಲಲಿಲ್ಲ. 2025ರಲ್ಲಿ ಹಾರ್ಲೆಮ್ ನಲ್ಲಿ ಏಳು ಜನ ಸತ್ತರು, ತಿಂಗಳಿಗೊಮ್ಮೆ ಪರೀಕ್ಷೆ ಅಂತ ಕಾನೂನು ಬಿಗಿ ಆಯ್ತು.

ನಮ್ಮಲ್ಲಿ ನ್ಯುಮೋನಿಯಾ ಬಂದವರಿಗೆಲ್ಲ ಲೀಜಿಯೊನೆಲ್ಲಾ ಪರೀಕ್ಷೆ ಮಾಡೋ ವಾಡಿಕೆ ಇಲ್ಲ. ಆಂಟಿಬಯೋಟಿಕ್ ಕೊಡ್ತಾರೆ, ಎಷ್ಟೋ ಜನ ಗುಣವೂ ಆಗ್ತಾರೆ. ಕಾಯಿಲೆ ಯಾವ ತಾರಸಿಯಿಂದ ಬಂತು ಅಂತ ಕೇಳೋರಿಲ್ಲ. ನಾರಿನ ವಿಷಯದಲ್ಲಿ ಸೊನ್ನೆ ಬರೆಯೋಕೂ ವರ್ಷಗಟ್ಟಲೆ ಹುಡುಕಿದ ದೇಶ ಇದು. ಟಿಡಿಎಸ್ ಬರೆಯೋ ಪುಸ್ತಕದಲ್ಲೇ ಇನ್ನೊಂದು ಕಾಲಂ ಎಳೆಯೋದು ಅದರ ಮುಂದೆ ಯಾವ ಕಷ್ಟ ಅಂತ ನನಗಂತೂ ಗೊತ್ತಾಗ್ತಿಲ್ಲ.

ನಿಮ್ಮ ಕಟ್ಟಡದಲ್ಲೂ ಟವರ್ ಇದ್ದರೆ, ಅದರ ತೊಟ್ಟಿಯನ್ನು ಖಾಲಿ ಮಾಡಿ ತೊಳೆದದ್ದು ಯಾವಾಗ ಅಂತ ಸುಮ್ಮನೆ ವಿಚಾರಿಸಿ ನೋಡಿ. ಏನು ಉತ್ತರ ಬಂತು ಅಂತ ಇಲ್ಲಿ ಬರೀರಿ.